ಕುಲುಮೆಯ ಆಯುಧವೂ ರಾಜಮುದ್ರೆಯೂ

ಗದಗಿಗೆ ಪೂರ್ವದಲ್ಲಿರುವ ಲಕ್ಕುಂಡಿಯು ಶಾಸನಗಳಲ್ಲಿ ಲೊಕ್ಕಿಗುಂಡಿಯೆಂದು ಪ್ರಸಿದ್ಧವಾದುದು. ಕ್ರಿ. ಶ. 1007ರ ಸುಮಾರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದುದೂ, 1192ರ ಸುಮಾರಿನಲ್ಲಿ ಹೊಯ್ಸಳ ವೀರಬಲ್ಲಾಳನು ಬೀಡುಬಿಟ್ಟುದೂ ಇಲ್ಲಿಯೇ. ಇವೆರಡರಷ್ಟೇ ಗಣ್ಯವಾದ ಮತ್ತೊಂದು ಸಂಗತಿಯೆಂದರೆ ಇಲ್ಲಿಯ ಟಂಕಸಾಲೆ. ‘ಲೊಕ್ಕಿಗದ್ಯಾಣ’ವೆಂಬ ಹೊನ್ನು ಈ ಊರ ಹೆಸರನ್ನು ದೂರದೂರದ ದಾನಶಾಸನಗಳಿಗೆ ಒಯ್ದಿತು. ಚಿನ್ನವನ್ನು ಕರಗಿಸಿ ಬಿಲ್ಲೆ ಮಾಡುವ ಕೈ ಅಕ್ಕಸಾಲಿಗನದು. ಆ ಬಿಲ್ಲೆಯನ್ನು ನಾಣ್ಯವಾಗಿಸುವುದು ಅರಸನ ಮುದ್ರೆ. ಕೈ ಒಬ್ಬನದು, ಅಧಿಕಾರ ಮತ್ತೊಬ್ಬನದು. ಹೊನ್ನಿನ ವಿಷಯದಲ್ಲಿ ಯಾರೂ ಸಂಶಯಿಸದ ಈ ನ್ಯಾಯವು ಕಬ್ಬಿಣಕ್ಕೂ ಸಲ್ಲುವುದೇ? ಕಮ್ಮಾರನು ತನ್ನ ಕುಲುಮೆಯಲ್ಲಿ ಆಯುಧವನ್ನು ಮಾಡಲು ಯಾರ ಅಪ್ಪಣೆ ಬೇಕು? ಈ ಪ್ರಶ್ನೆಗಾಗಿಯೇ ಉತ್ತರ ಕರ್ನಾಟಕದಲ್ಲಿ ಒಮ್ಮೆ ರಕ್ತ ಹರಿದಿದೆಯಾದುದರಿಂದ ಇದು ವಿಚಾರಾರ್ಹವಾದುದು.

ದಂಡನೀತಿಕಾರರು ಈ ವಿಷಯದಲ್ಲಿ ಮೌನವಾಗಿಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಆಯುಧಾಗಾರಾಧ್ಯಕ್ಷನಿಗೆ ಒಂದು ಪ್ರಕರಣವೇ ಮೀಸಲಾಗಿದೆ. ನುರಿತ ಶಿಲ್ಪಿಗಳಿಂದ ಆಯುಧಗಳನ್ನು ಮಾಡಿಸುವುದೂ ಅವುಗಳನ್ನು ಗುರುತಿಟ್ಟು ಕಾಯುವುದೂ ಅವನ ಹೊಣೆ. ಮುದ್ರೆಯ ಅನುಜ್ಞೆಯಿಲ್ಲದವರು ಶಸ್ತ್ರವಿಲ್ಲದೆಯೇ ಸಂಚರಿಸತಕ್ಕದ್ದೆಂಬ ನಿಯಮವೂ ಆ ಗ್ರಂಥದಲ್ಲಿ ಬೇರೆಡೆ ಉಂಟು. ನಾಲಿಕವೆಂಬ ಹೆಸರಿನಿಂದ ಕೋವಿಯನ್ನು ವರ್ಣಿಸುವ ಶುಕ್ರನೀತಿಯ ಭಾಗವನ್ನು ವಿದ್ವಾಂಸರು ಅರ್ವಾಚೀನವೆಂದು ಎಣಿಸಿರುವುದರಿಂದ ಅದನ್ನು ಪ್ರಾಚೀನತೆಗೆ ಪ್ರಮಾಣವಾಗಿ ಹಿಡಿಯಲಾಗದು. ಆದರೂ ಶಸ್ತ್ರಕ್ಕೆ ರಾಜಮುದ್ರೆ ಬೇಕೆಂಬ ಭಾವನೆಯು ಆಂಗ್ಲರು ಹೊಸದಾಗಿ ತಂದುದಲ್ಲವೆಂಬಷ್ಟು ಇದರಿಂದ ಸಿದ್ಧವಾಗುತ್ತದೆ. ಟಿಪ್ಪುವಿನ ಕಾಲದ ಬಂದೂಕುಗಳ ಮೇಲೆ ‘ಪಟ್ಟಣ’, ‘ನಗರ’ ಎಂಬ ಕಾರ್ಖಾನೆಗಳ ಹೆಸರುಗಳೂ ವರ್ಷಗಳೂ ಕೆತ್ತಲ್ಪಟ್ಟಿರುವುದು ಈ ಭಾವನೆಯ ಮುಂದುವರಿಕೆಯೇ.

ಆದರೆ ಶಾಸ್ತ್ರ ಬೇರೆ, ಊರಿನ ನಡೆವಳಿಕೆ ಬೇರೆ. ‘ತುಪಾಕಿ’ ತುರ್ಕಿಯಿಂದಲೂ ‘ಬಂದೂಕು’ ಅರಬ್ಬೀ ಫಾರಸಿಗಳಿಂದಲೂ ಬಂದ ಶಬ್ದಗಳು. ವಸ್ತು ಮಾತ್ರ ಬಹುಬೇಗನೆ ನಾಡಿನ ಕಮ್ಮಾರನ ಕೈವಶವಾಯಿತು. ಬತ್ತಿಯ ಕೋವಿಯಲ್ಲಿ ಇರುವುದು ನಳಿಗೆ, ಮರದ ಹಿಡಿ, ಬತ್ತಿಯನ್ನು ಮದ್ದಿಗೆ ಮುಟ್ಟಿಸುವ ಕೀಲು, ಇಷ್ಟೇ. ಮರದ ಕೆಲಸ ಬಡಗಿಗೂ ಕೀಲಿನ ಕೆಲಸ ಊರ ಕಮ್ಮಾರನಿಗೂ ಸಾಧ್ಯ, ನಳಿಗೆಯೊಂದೇ ಕಠಿನವಾದುದು. ಅದರ ಬೆಸುಗೆ ಕೆಟ್ಟರೆ ಗುಂಡು ಶತ್ರುವನ್ನು ಮುಟ್ಟುವ ಮೊದಲು ಹಿಡಿದವನ ಕೈಯೇ ಹೋಗುವುದು. ಮದ್ದಿನ ಸಾಮಗ್ರಿಗಳಲ್ಲಿ ಇದ್ದಲು ಎಲ್ಲೆಡೆಯೂ ಉಂಟು, ಪೆಟ್ಲುಪ್ಪು ಮಣ್ಣಿನಿಂದ ದೊರೆಯುವುದು. ಗಂಧಕವನ್ನೋ ಪೇಟೆಯಿಂದಲೇ ತರಬೇಕು. ಆದುದರಿಂದ ಮನೆಯ ಕೋವಿಯು ಸಾಧ್ಯವಾಗಿದ್ದರೂ ಸ್ವತಂತ್ರವಾಗಿರಲಿಲ್ಲ. ಇದನ್ನು ಸರಕಾರವೂ ಅರಿತಿತ್ತು. 1878ರ ಆಯುಧ ಕಾಯಿದೆಯು ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ತನ್ನ ಹತೋಟಿಯೊಳಕ್ಕೆ ತಂದುಕೊಳ್ಳಲು ಅವಕಾಶ ಮಾಡಿಕೊಂಡಿತು.

ಇದಕ್ಕೂ ಮೊದಲು, 1857ರ ಸೆಪ್ಟೆಂಬರಿನಲ್ಲಿ, ಆ ವರ್ಷದ 28ನೆಯ ಕಾಯಿದೆಯು ಹೊರಟಿತು. ಆಯುಧಗಳ ಆಮದು, ನಿರ್ಮಾಣ, ಮಾರಾಟ, ಧಾರಣ ಈ ನಾಲ್ಕನ್ನೂ ಅದು ಕಟ್ಟುಪಾಡಿಗೆ ಒಳಪಡಿಸಿತು. ಹಲಗಲಿಯು ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ ಊರು; ಆಂಗ್ಲರ ನೇರವಾದ ಆಳಿಕೆಯಲ್ಲಿದ್ದುದಲ್ಲ. ಆದರೂ ಆಯುಧಗಳನ್ನು ಬರೆಯಿಸಬೇಕು, ಅಪ್ಪಣೆಯಿಲ್ಲದವನ್ನು ಒಪ್ಪಿಸಬೇಕೆಂಬ ಆಜ್ಞೆಯು ಅಲ್ಲಿಗೂ ಮುಟ್ಟಿತು. ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿ ಗಲ್ಲಿಗೇರಿದರು. ಇದನ್ನು ಹಾಡಿದ ಲಾವಣಿಯನ್ನು ಜೆ. ಎಫ್. ಫ್ಲೀಟರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಂಗ್ರಹಿಸಿ ಅಚ್ಚುಮಾಡಿಸಿದರು. ಅದರ ಅಂಕಿತದಲ್ಲಿರುವ ಕಲ್ಮೇಶನು ಕುರ್ತಕೋಟಿಯವನು. ಕುರ್ತಕೋಟಿಯು ಲಕ್ಕುಂಡಿಯಂತೆಯೇ ಗದಗು ತಾಲ್ಲೂಕಿನ ಊರು. ಹಲಗಲಿಯ ದುಃಖವನ್ನು ಗದಗಿನ ಸೀಮೆಯು ತನ್ನದಾಗಿಸಿಕೊಂಡುದಕ್ಕೆ ಇದೊಂದೇ ಸಾಕ್ಷಿ ಸಾಕು.

ಈ ಲಾವಣಿಯನ್ನು ವೀರರಸದ ಉದಾಹರಣೆಯಾಗಿ ಪಾಠ ಹೇಳುವುದು ರೂಢಿ. ಅದು ತಪ್ಪಲ್ಲ, ಆದರೆ ಅಪೂರ್ಣ. ಕಥೆಯು ಆರಂಭವಾಗುವುದು ಯುದ್ಧದಿಂದಲ್ಲ, ಒಂದು ಹುಕುಮಿನಿಂದ. ಬೇಟೆಯಿಂದಲೂ ಕಾವಲು ದಂಡುಗಳ ಊಳಿಗದಿಂದಲೂ ಬದುಕಿದವರಿಗೆ ಹತಾರವೆಂಬುದು ರೈತನಿಗೆ ನೇಗಿಲಿದ್ದಂತೆ. ಪ್ರಾಚೀನ ನೀತಿಯಲ್ಲಿ ಮುದ್ರೆಯೊತ್ತಿದ ಅರಸನು ಅವರನ್ನು ಊಳಿಗಕ್ಕೂ ಇಟ್ಟುಕೊಳ್ಳುತ್ತಿದ್ದನು. ಹೊಸ ಆಜ್ಞೆಯು ಮುದ್ರೆಯನ್ನು ಕೇಳಿತು, ಊಳಿಗವನ್ನು ಕೊಡಲಿಲ್ಲ. ವಿರೋಧದ ಮೂಲ ಇಲ್ಲಿದೆ.

ಆರೇ ತಿಂಗಳಲ್ಲಿ ಬೆಂಕಿ ಲಕ್ಕುಂಡಿಯ ನೆರೆಯಲ್ಲಿಯೇ ಎದ್ದಿತು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು ಹಮ್ಮಿಗಿಯ ಕೆಂಚನಗೌಡನೊಡನೆ ಡಂಬಳದ ಖಜಾನೆಯನ್ನು ಲೂಟಿಮಾಡಿ ಕೊಪ್ಪಳದ ಕೋಟೆಯನ್ನು ಹಿಡಿದನು. ಜೂನ್ ಮೊದಲಿನಲ್ಲಿ ಇಬ್ಬರೂ ಅಲ್ಲಿಯೇ ಮಡಿದರು. ಅದೇ ಮೇ 29ರಂದು ಸುರೇಬಾನದಲ್ಲಿ ಮ್ಯಾನ್‌ಸನ್ನನ ಕೊಲೆಯಾಯಿತು. ಜೂನ್ 12ರಂದು ನರಗುಂದದ ಬಾಬಾಸಾಹೇಬನು ಬೆಳಗಾವಿಯಲ್ಲಿ ಗಲ್ಲಿಗೇರಿದನು.

ಇನ್ನು ಕಾಯಿದೆಯ ತತ್ತ್ವ. ನೈಯಾಯಿಕರ ಅವಯವಾವಯವಿ ವಿಚಾರವು ಇಲ್ಲಿ ಅನಿರೀಕ್ಷಿತವಾಗಿ ಎದುರಾಗುತ್ತದೆ: ಬಿಡಿಭಾಗವು ಕೋವಿಯೇ, ಅಲ್ಲವೇ? ಅಮೆರಿಕೆಯ 1968ರ ಕಾಯಿದೆಯು ಕೀಲುಗಳನ್ನು ಹೊತ್ತಿರುವ ಒಡಲನ್ನು, ಎಂದರೆ ‘ರಿಸೀವರ್’ ಎಂಬ ಭಾಗವನ್ನು, ಕೋವಿಯೆಂದೇ ಎಣಿಸಿತು. ಆಗ ಅರೆಗೆಲಸವಾದ ಒಡಲು ಏನೆಂಬ ವಾದ ಹುಟ್ಟಿ, ಅವುಗಳನ್ನು ಹತೋಟಿಗೆ ತಂದ 2022ರ ನಿಯಮವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಅಲ್ಲಿಯ ಕೇಂದ್ರ ಕಾಯಿದೆಯು, ಆಯುಧ ಹೊಂದಲು ಅರ್ಹನಾದವನು ಸ್ವಂತಕ್ಕಾಗಿ ಸಾಮಾನ್ಯ ಕೋವಿಯನ್ನು ಮಾಡಿಕೊಳ್ಳುವುದಕ್ಕೆ ಪರವಾನಗಿಯನ್ನು ಕೇಳುವುದಿಲ್ಲ. ಭಾರತದ 1959ರ ಆಯುಧ ಕಾಯಿದೆಯ ದಾರಿ ಬೇರೆ. ಅದು ಆಯುಧದ ಲಕ್ಷಣದಲ್ಲಿಯೇ ಬಿಡಿಭಾಗಗಳನ್ನೂ ಆಯುಧ ಮಾಡುವ ಯಂತ್ರಗಳನ್ನೂ ಸೇರಿಸಿತು. 5ನೆಯ ಕಲಮಿನಿಂದ ನಿರ್ಮಾಣಕ್ಕೂ ದುರಸ್ತಿಗೂ ಪರವಾನಗಿ ಬೇಕೆಂದಿತು. 2019ರ ತಿದ್ದುಪಡಿಯ ಮೇರೆಗೆ ಪರವಾನಗಿಯಿಲ್ಲದ ನಿರ್ಮಾಣಕ್ಕೆ 7 ವರ್ಷಕ್ಕೆ ಕಡಮೆಯಿಲ್ಲದ, ಜೀವಾವಧಿಯವರೆಗಿನ ಸೆರೆವಾಸ ಉಂಟು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ಮಾಡುವುದಕ್ಕಲ್ಲ.

ಆದರೆ ಇದೇ ಕಾಯಿದೆಯ 45ನೆಯ ಕಲಮು, ಹಳೆಯ ಮಾದರಿಯ ಅಥವಾ ಪುರಾತನವೆಂದು ಬೆಲೆಯುಳ್ಳ, ಹಾರಿಸಲು ಬಾರದ ಆಯುಧಗಳನ್ನು ಬಿಟ್ಟುಕೊಟ್ಟಿದೆ. ಸಂಶೋಧಕರು ಇದನ್ನು ಮರೆಯಬಾರದು. ಶಾಸನದ ಕಲ್ಲು ಮಾತನಾಡುತ್ತದೆ, ಲಾವಣಿ ಮಾತನಾಡುತ್ತದೆ. ಕಮ್ಮಾರನ ಪರವಾಗಿ ಮಾತನಾಡತಕ್ಕ ಸಾಕ್ಷಿ ಅವನು ಬಡಿದ ಕಬ್ಬಿಣವೊಂದೇ. ದೇಸಗತಿಯ ವಾಡೆಯ ಅಟ್ಟದಲ್ಲಿ ತುಕ್ಕುಹಿಡಿದ ನಳಿಗೆಯು ಕಂಡರೆ ಅದನ್ನು ಅಂಜಿಕೆಯಿಂದ ಗುಜರಿಗೆ ಹಾಕದೆ, ಅಧಿಕಾರಿಗಳಿಗೆ ತೋರಿಸಿ ವಸ್ತುಸಂಗ್ರಹಾಲಯಕ್ಕೆ ಸೇರಿಸುವುದು ಯುಕ್ತ. ಲೊಕ್ಕಿಯ ಹೊನ್ನಿನಲ್ಲಿ ಅರಸನ ಮುದ್ರೆ ಉಳಿದಿದೆ. ಮುದ್ರೆಯಿಲ್ಲದ ಆ ಕಬ್ಬಿಣದಲ್ಲಿ ಕಮ್ಮಾರನ ಸುತ್ತಿಗೆಯ ಗುರುತಾದರೂ ಉಳಿಯಬೇಕು.