ಹೊಸ ಎಂಜಿನಿಯರ್‌ನ ಮೊದಲ ನೌಕರಿ: ಕಾರ್ಖಾನೆಯಿಂದ ಸ್ಟಾರ್ಟಪ್‌ವರೆಗೆ

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರಿಗೆ ಮೊದಲ ನೌಕರಿ ಕೊಡುತ್ತಿದ್ದುದು ಬಹುಕಾಲ ಸರ್ಕಾರವೇ. 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾದ ಸರ್ಕಾರಿ ಕಾಲೇಜು, ಅಂದರೆ ಇಂದಿನ ಯುವಿಸಿಇ, ಮತ್ತು 1946ರಲ್ಲಿ ಬಂದ ಬಿ.ಎಂ.ಎಸ್. ಕಾಲೇಜಿನಲ್ಲಿ ಓದಿದವರು ಲೋಕೋಪಯೋಗಿ ಇಲಾಖೆಗೋ ವಿದ್ಯುತ್ ಮಂಡಳಿಗೋ ಸೇರುತ್ತಿದ್ದರು. ಇಲ್ಲವೇ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಬಾಗಿಲು ತಟ್ಟುತ್ತಿದ್ದರು. ಒಮ್ಮೆ ಒಳಗೆ ಸೇರಿದರೆ ನಿವೃತ್ತಿಯವರೆಗೆ ಅದೇ ಮನೆ. ಕಾಲೇಜಿನಲ್ಲಿ ಕಲಿತದ್ದು ಕೆಲಸಕ್ಕೆ ಸಾಲದು ಎಂಬುದು ಈ ಕಾರ್ಖಾನೆಗಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸಬರನ್ನು ಟ್ರೇನಿ ಎಂದು ಸೇರಿಸಿಕೊಂಡು, ಒಂದೊಂದು ವಿಭಾಗದಲ್ಲಿ ಕೆಲವು ತಿಂಗಳು ಇಟ್ಟು, ಹಳಬರ ಕೈಕೆಳಗೆ ತಿದ್ದುತ್ತಿದ್ದರು. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾಗಿ, ಪದವಿ ಮತ್ತು ಡಿಪ್ಲೊಮಾ ಪಡೆದ ಎಂಜಿನಿಯರ್‌ಗಳೂ ಅದರ ವ್ಯಾಪ್ತಿಗೆ ಬಂದರು. ಕಲಿಕೆಯ ಕಾಲದಲ್ಲೂ ಭತ್ಯೆ ಸಿಗುತ್ತಿತ್ತು. ಹೊಸಬನಿಗೆ ಕಲಿಸುವುದು ಕೆಲಸ ಕೊಟ್ಟವರ ಹೊಣೆ ಎಂಬುದು ಆಗ ಪ್ರಶ್ನೆಯೇ ಇಲ್ಲದ ಮಾತಾಗಿತ್ತು. ಈ ಹೊಣೆ ಮುಂದೆ ಯಾರ ಕೈಗೆ ಹೋಯಿತು ಎಂಬುದನ್ನು ಹಿಂಬಾಲಿಸಿದರೆ ಸಾಫ್ಟ್‌ವೇರ್ ನೌಕರಿಯ ಚರಿತ್ರೆ ತಾನಾಗಿ ತೆರೆದುಕೊಳ್ಳುತ್ತದೆ.

ಸಾಫ್ಟ್‌ವೇರ್ ಈ ಊರಿಗೆ ಬಂದದ್ದು ಇದೇ ಎಂಜಿನಿಯರ್‌ಗಳನ್ನು ನಂಬಿಕೊಂಡು. 1976ರಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಸ್ಥಾಪಿಸಿತು. ಅದರ ಚುಕ್ಕಾಣಿ ಹಿಡಿದ ಆರ್.ಕೆ. ಬಾಳಿಗಾ, ಹೊಸೂರು ರಸ್ತೆಯಲ್ಲಿ ಕೋಣಪ್ಪನ ಅಗ್ರಹಾರದ ಸುತ್ತಲಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟರು. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರ್‌ಗಳು 10,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಇನ್ಫೋಸಿಸ್, ಮೈಕೊ ಕಂಪನಿಯ ಕೆಲಸ ಸಿಕ್ಕಿ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದ ಕಚೇರಿಯೊಡನೆ ಕೆಲಸ ಮಾಡತೊಡಗಿತು. ಅದರ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿರುವ ಫೋಟೊ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ.

ಸ್ಟಾರ್ಟಪ್ ಎಂಬ ಮಾತು ಆಗ ಬಳಕೆಯಲ್ಲಿ ಇರಲಿಲ್ಲ. ಆದರೂ 80ರ ದಶಕದ ಇನ್ಫೋಸಿಸ್ ಎಲ್ಲ ಅರ್ಥದಲ್ಲೂ ಸ್ಟಾರ್ಟಪ್ಪೇ. ಹೆಸರಿರಲಿಲ್ಲ, ಹಣವಿರಲಿಲ್ಲ, ನಾಳೆಯ ಭರವಸೆಯೂ ಇರಲಿಲ್ಲ. ಕಂಪ್ಯೂಟರ್ ಆಮದು ಮಾಡಿಕೊಳ್ಳಲು ಪರವಾನಗಿಗಾಗಿ ದೆಹಲಿಗೆ ಅಲೆಯಬೇಕಿದ್ದ ಕಾಲವದು. ಬಿಇಎಲ್‌ನ ಕಾಯಂ ನೌಕರಿ ಬಿಟ್ಟು ಅಂಥ ಕಂಪನಿ ಸೇರುವುದು ಮಧ್ಯಮವರ್ಗದ ಮನೆಗಳಿಗೆ ಸುಲಭದಲ್ಲಿ ಒಪ್ಪಿಗೆಯಾಗುವ ಮಾತಾಗಿರಲಿಲ್ಲ. ಆ ಅಳುಕನ್ನು ಕರಗಿಸಿದ ಸಂಗತಿಗಳು 90ರ ದಶಕದಲ್ಲಿ ಒಂದರ ಹಿಂದೊಂದು ಬಂದವು. 1991ರ ಉದಾರೀಕರಣ, ಅದೇ ವರ್ಷ ಆರಂಭವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ, 1993ರಲ್ಲಿ ಇನ್ಫೋಸಿಸ್ ಷೇರುಗಳ ಬಿಡುಗಡೆ. ಮರುವರ್ಷ ಅದು ನೌಕರರಿಗೆ ಷೇರು ಹಂಚುವ ಯೋಜನೆ ತಂದಿತು, 1999ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್‌ನಲ್ಲಿ ನೋಂದಣಿಯಾಯಿತು. ಸಂಬಳದಿಂದ ಅಲ್ಲ, ಷೇರಿನಿಂದ ಬದುಕು ಬದಲಾಗಬಹುದು ಎಂಬ ಆಸೆ ಕನ್ನಡದ ಮನೆಗಳಿಗೆ ಹೊಕ್ಕದ್ದು ಈ ಹೊತ್ತಿನಲ್ಲಿ.

ಬೇಡಿಕೆ ಏರಿದ ಹಾಗೆ ಕಾಲೇಜುಗಳೂ ಹೆಚ್ಚಿದವು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಸೂರಿನಡಿ ತರಲು 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕ್ಯಾಂಪಸ್ ಸಂದರ್ಶನ ಎಂಬುದು ಅಂತಿಮ ವರ್ಷದ ಹಬ್ಬವಾಯಿತು. ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು ಕೂಡ ಸಾಫ್ಟ್‌ವೇರ್‌ಗೆ ಬಂದರು, ಯಾಕೆಂದರೆ ಕಲಿಸುವ ಹೊಣೆಯನ್ನು, ಬೇರೆಯವರಿಗಾಗಿ ಸಾಫ್ಟ್‌ವೇರ್ ಬರೆದುಕೊಡುವ ದೊಡ್ಡ ಸೇವಾ ಕಂಪನಿಗಳು ಹೊತ್ತಿದ್ದವು. ಮೈಸೂರಿನಲ್ಲಿ ಇನ್ಫೋಸಿಸ್ ಕಟ್ಟಿದ ತರಬೇತಿ ಕೇಂದ್ರದಲ್ಲಿ ಒಂದೇ ಬಾರಿಗೆ ಹತ್ತು ಸಾವಿರಕ್ಕೂ ಹೆಚ್ಚು ಹೊಸಬರು ಕಲಿಯಬಹುದಿತ್ತು. ತಿಂಗಳುಗಟ್ಟಲೆ ಪಾಠ, ಪರೀಕ್ಷೆ, ವಸತಿ, ಊಟ, ಜೊತೆಗೆ ಸಂಬಳ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಯುತ್ತಿದ್ದ ಹಳ್ಳಿ ಮಕ್ಕಳಿಗೆ ಆ ಕೆಲವು ತಿಂಗಳ ಕಾಲಾವಕಾಶ ಎಷ್ಟು ದೊಡ್ಡದಾಗಿತ್ತೆಂಬುದನ್ನು ಈ ಉದ್ಯಮದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಇದಕ್ಕೊಂದು ಬೆಲೆಯೂ ಇತ್ತು. ಹಲವು ಕಂಪನಿಗಳು ಇಂತಿಷ್ಟು ಕಾಲ ಬಿಟ್ಟುಹೋಗುವಂತಿಲ್ಲ ಎಂದು ಬಾಂಡ್ ಬರೆಸಿಕೊಳ್ಳುತ್ತಿದ್ದವು. ತರಬೇತಿ ಮುಗಿದರೂ ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ಕೂರಬೇಕಾಗುತ್ತಿತ್ತು. ಆರಂಭದ ಸಂಬಳ ವರ್ಷಕ್ಕೆ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ಬಹುಕಾಲ ನಿಂತುಬಿಟ್ಟಿತು.

ಸ್ವಂತ ಉತ್ಪನ್ನ ಮಾಡುವ ಸಣ್ಣ ಕಂಪನಿಗಳು ಈ ನಡುವೆಯೇ ತಲೆಯೆತ್ತಿದ್ದವು. 1996ರಲ್ಲಿ ಉಡುಪಿಯಲ್ಲಿ ರೋಬೋಸಾಫ್ಟ್ ಹುಟ್ಟಿತು. ಕರಾವಳಿಯ ಕಾಲೇಜುಗಳಲ್ಲಿ ಓದಿದವರು ಬೆಂಗಳೂರಿನ ಬಸ್ಸು ಹತ್ತದೆಯೂ ಒಳ್ಳೆಯ ಸಾಫ್ಟ್‌ವೇರ್ ಬರೆಯಬಹುದೆಂದು ತೋರಿಸಿದ ಮೊದಲಿಗರಲ್ಲಿ ಅದೂ ಒಂದು. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಸ್ಟ್ರಾಂಡ್ ಎಂಬ ಕಂಪನಿ ತೆರೆದರು. ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದವರು ಇಟ್ಟಿಯಂ ಕಟ್ಟಿದರು. ಇವುಗಳಲ್ಲಿ ಸೇರಿದ ಹೊಸಬರ ಸಂಖ್ಯೆ ಕಡಿಮೆ. ಅಷ್ಟರಲ್ಲಿ ಅಮೆರಿಕದ ಡಾಟ್‌ಕಾಂ ಗುಳ್ಳೆ ಒಡೆದು, ನೇಮಕಾತಿ ಪತ್ರ ಕೈಯಲ್ಲಿದ್ದರೂ ಸೇರುವ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದ್ದ ಕಷ್ಟವನ್ನು 2001ರ ಸುಮಾರಿಗೆ ಓದು ಮುಗಿಸಿದವರು ಉಂಡರು.

ನಿಜವಾದ ತಿರುವು ಬಂದದ್ದು 2006ರ ನಂತರ. ಆ ವರ್ಷ ಅಮೆಜಾನ್ ತನ್ನ ಸರ್ವರ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿತು. ಯಂತ್ರ ಕೊಳ್ಳಲು ಲಕ್ಷಗಟ್ಟಲೆ ಸುರಿಯದೆ, ಬಾಡಿಗೆ ಮನೆಯಲ್ಲಿ ಕೂತು ಕಂಪನಿ ನಡೆಸುವುದು ಸಾಧ್ಯವಾಯಿತು. ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಅನುಭವದಿಂದ ಹುಟ್ಟಿದ ರೆಡ್‌ಬಸ್ 2006ರದು. ಅದರ ಸ್ಥಾಪಕರಲ್ಲಿ ಒಬ್ಬರಾದ ಫಣೀಂದ್ರ ಸಾಮ ಅವರಿಗೂ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹಳೆಯ ಮನೆ. 2007ರ ಅಕ್ಟೋಬರ್‌ನಲ್ಲಿ ಅಮೆಜಾನ್ ಬಿಟ್ಟ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಕೋರಮಂಗಲದಲ್ಲಿ ಪುಸ್ತಕ ಮಾರುವ ಫ್ಲಿಪ್‌ಕಾರ್ಟ್ ತೆರೆದರು. ಈ ಪೀಳಿಗೆಯ ಸ್ಥಾಪಕರು ದೊಡ್ಡ ಕಂಪನಿಗಳಲ್ಲಿ ಪಳಗಿದವರು. ಅವರ ಮೊದಮೊದಲ ಎಂಜಿನಿಯರ್‌ಗಳಲ್ಲೂ ಬೇರೆಡೆ ತಯಾರಾಗಿ ಬಂದವರೇ ಹೆಚ್ಚು. ಮತ್ತೊಬ್ಬರು ಖರ್ಚು ಮಾಡಿ ಕಲಿಸಿದ ಕಸುಬಿನ ಮೇಲೆ ಸ್ಟಾರ್ಟಪ್‌ಗಳು ನಿಂತವು ಎನ್ನುವುದು ಕಟುವಾದರೂ ನ್ಯಾಯವಾದ ಮಾತು.

ಹೂಡಿಕೆದಾರರ ಹಣ ಹರಿದು ಬಂದ ಮೇಲೆ ಸ್ಟಾರ್ಟಪ್‌ಗಳು ನೇರವಾಗಿ ಕಾಲೇಜುಗಳಿಗೂ ಬಂದವು. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್, ಇಂದಿರಾನಗರದ ಕಚೇರಿಗಳು, ಬಿಟಿಎಂ ಲೇಔಟ್‌ನ ಪಿಜಿಗಳು ಹೊಸ ಪದವೀಧರರ ನಕ್ಷೆಯಾದವು. ಇಲ್ಲಿ ಮೊದಲ ವಾರ ಮೈಸೂರಿನ ತರಬೇತಿ ಕೇಂದ್ರದ ಮೊದಲ ವಾರಕ್ಕಿಂತ ತೀರಾ ಬೇರೆ. ಲ್ಯಾಪ್‌ಟಾಪ್ ಕೈಗೆ ಬರುತ್ತದೆ, ಕಂಪನಿಯ ಇಡೀ ಕೋಡ್ ಇರುವ ರೆಪೊಸಿಟರಿಗೆ ಪ್ರವೇಶ ಸಿಗುತ್ತದೆ, ಒಂದು ಚಿಕ್ಕ ದೋಷ ಸರಿಪಡಿಸಲು ಹೇಳುತ್ತಾರೆ. ಬದಲಿಸಿದ ನಾಲ್ಕು ಸಾಲನ್ನು ಹಿರಿಯರೊಬ್ಬರು ಓದಿ, ಹೆಸರು ಸರಿಯಿಲ್ಲ, ಪರೀಕ್ಷೆ ಬರೆದಿಲ್ಲ ಎಂದು ಟಿಪ್ಪಣಿ ಹಾಕುತ್ತಾರೆ. ತಿದ್ದಿ ಮತ್ತೆ ಕಳಿಸಿ, ಒಪ್ಪಿಗೆಯಾದರೆ ಅದೇ ದಿನ ಅದು ಗ್ರಾಹಕರ ಫೋನಿನಲ್ಲಿ ಓಡುತ್ತಿರುತ್ತದೆ. ಕೆಲವೇ ತಿಂಗಳಲ್ಲಿ, ರಾತ್ರಿ ಏನಾದರೂ ಕೆಟ್ಟರೆ ಎದ್ದು ಸರಿಪಡಿಸುವ ಆನ್‌ಕಾಲ್ ಸರದಿಯೂ ಬರುತ್ತದೆ. ಇದು ಬಲವಾದ ಕಲಿಕೆ, ಸೇವಾ ಕಂಪನಿಯಲ್ಲಿ ಎರಡು ವರ್ಷ ಕಳೆದರೂ ದಕ್ಕದಂಥದ್ದು. ಆದರೆ ಟಿಪ್ಪಣಿ ಬರೆಯಲು ಹಿರಿಯರಿಗೆ ಬಿಡುವಿರಬೇಕು. ಬಿಡುವಿಲ್ಲದ ಕಡೆ ಹೊಸಬರು ತಾವೇ ಈಜಬೇಕು.

ನೇಮಕಾತಿ ಪತ್ರವೂ ಬೇರೆಯಾಯಿತು. ಸಿಟಿಸಿ ಎಂದು ಬರೆದ ದೊಡ್ಡ ಮೊತ್ತದಲ್ಲಿ ಕೈಗೆ ಬರುವ ಸಂಬಳ ಒಂದು ಪಾಲು, ಇಸಾಪ್, ಅಂದರೆ ನೌಕರರು ಮುಂದೆ ಕೊಳ್ಳಲೆಂದು ಕಂಪನಿ ಬರೆದುಕೊಡುವ ಷೇರು, ಇನ್ನೊಂದು ಪಾಲು. ಇಸಾಪ್ ಷೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತಿನ ಮೇಲೆ ಹಕ್ಕಾಗುತ್ತವೆ. ಮೊದಲ ಕಂತಿಗೆ ಒಂದು ವರ್ಷ ಪೂರ್ತಿಯಾಗಬೇಕು. 400 ಷೇರು ಬರೆದುಕೊಟ್ಟಿದ್ದರೆ, ಹನ್ನೊಂದನೇ ತಿಂಗಳಲ್ಲಿ ಕೆಲಸ ಬಿಟ್ಟವರಿಗೆ ಒಂದೂ ಇಲ್ಲ, ಹನ್ನೆರಡು ತಿಂಗಳು ತುಂಬಿಸಿದವರಿಗೆ 100. ಹಕ್ಕಾದ ಷೇರನ್ನು ಕೊಳ್ಳುವಾಗ, ಕೊಟ್ಟ ಬೆಲೆಗೂ ಅಂದಿನ ಮೌಲ್ಯಕ್ಕೂ ಇರುವ ಅಂತರವನ್ನು ಆದಾಯ ತೆರಿಗೆ ಕಾನೂನು ಸಂಬಳವೆಂದೇ ಎಣಿಸುತ್ತದೆ. 2020ರ ಬಜೆಟ್‌ನಲ್ಲಿ ಈ ತೆರಿಗೆ ಕಟ್ಟಲು ಕಾಲಾವಕಾಶ ಸಿಕ್ಕಿತು, ಅದೂ ಅರ್ಹವೆಂದು ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಬಹುಪಾಲು ಕೊಂಡಾಗ ಷೇರು ಉಳಿಸಿಕೊಂಡಿದ್ದ ನೌಕರರಿಗೆ ದೊಡ್ಡ ಗಂಟೇ ಸಿಕ್ಕಿತು. ಆ ಸುದ್ದಿ ಎಲ್ಲರ ಕಿವಿಗೂ ಬಿತ್ತು. ಮುಚ್ಚಿಹೋದ ಕಂಪನಿಗಳ ಷೇರುಪತ್ರಗಳಿಗೆ ಸುದ್ದಿಯಾಗುವ ಭಾಗ್ಯ ಇರಲಿಲ್ಲ.

ಕರ್ನಾಟಕ 2015ರಲ್ಲಿ ಸ್ಟಾರ್ಟಪ್ ನೀತಿ ತಂದಿತು, ಕೇಂದ್ರದ ಸ್ಟಾರ್ಟಪ್ ಇಂಡಿಯಾ 2016ರ ಜನವರಿಯಲ್ಲಿ ಬಂತು. ಉತ್ಸಾಹ ಏರಿದ ಅದೇ ವರ್ಷ ಹಲವು ಸ್ಟಾರ್ಟಪ್‌ಗಳು ಕ್ಯಾಂಪಸ್‌ನಲ್ಲಿ ಆರಿಸಿದವರ ಸೇರ್ಪಡೆಯನ್ನು ಮುಂದೂಡಿದವು, ಕೆಲವು ಮಾತನ್ನೇ ಹಿಂತೆಗೆದುಕೊಂಡವು. ಐಐಟಿಗಳು ಒಟ್ಟಾಗಿ 31 ಕಂಪನಿಗಳನ್ನು ಕ್ಯಾಂಪಸ್‌ಗೆ ಬಾರದಂತೆ ತಡೆದವು. ಅಂಥ ದನಿ ಎತ್ತುವ ಬಲ ಜಿಲ್ಲಾ ಕೇಂದ್ರದ ಕಾಲೇಜಿಗೆ ಇರಲಿಲ್ಲ. 2021ರಲ್ಲಿ ಹಣ ಮತ್ತೆ ಉಕ್ಕಿತು, ಒಂದೇ ವರ್ಷದಲ್ಲಿ ದೇಶದ 40ಕ್ಕೂ ಹೆಚ್ಚು ಕಂಪನಿಗಳು ನೂರು ಕೋಟಿ ಡಾಲರ್ ಮೌಲ್ಯ ದಾಟಿದವು. ಮರುವರ್ಷವೇ ಬತ್ತಿತು. ಆಗ ಮೊದಲು ಮನೆಗೆ ಹೋದವರಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬದವರೂ ಇದ್ದರು.

ಕಲಿಸುವ ಹೊಣೆ ಈ ಹಂತದಲ್ಲಿ ಕಲಿಯುವವರ ಮನೆಗೇ ಬಂದು ಬಿದ್ದಿತ್ತು. ಸ್ಟಾರ್ಟಪ್‌ಗಳು ಕೇಳುವುದು ಬಂದ ದಿನವೇ ಕೋಡ್ ಬರೆಯಬಲ್ಲವರನ್ನು. ಅದಕ್ಕಾಗಿ ಎಂಟನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್, ಆನ್‌ಲೈನ್ ಕೋಡಿಂಗ್ ಪರೀಕ್ಷೆಗಳು, ಅವುಗಳಿಗೆ ತಯಾರಿ ಮಾಡಿಸುವ ಖಾಸಗಿ ತರಗತಿಗಳು. 80ರ ದಶಕದಿಂದಲೂ ಎನ್‌ಐಐಟಿ, ಆಪ್ಟೆಕ್ ಕೇಂದ್ರಗಳು ಇದ್ದವು ನಿಜ, ಆದರೆ ಅವು ಪದವಿಗೆ ಪೂರಕವಾಗಿದ್ದವು. ಈಗ ಬಿ.ಇ. ಮುಗಿಸಿದವರೇ ಮತ್ತೆ ಶುಲ್ಕ ಕಟ್ಟಿ ಕೂರುತ್ತಾರೆ. 2019ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಸಾಯ್ ಸ್ಕೂಲ್, ನೌಕರಿ ಸಿಕ್ಕ ಮೇಲೆ ಸಂಬಳದಿಂದ ಶುಲ್ಕ ಕಟ್ಟುವ ಕರಾರಿನೊಂದಿಗೆ ಬಂತು. ಕಲಿಕೆಯ ಕಾಲದಲ್ಲಿ ಭತ್ಯೆ ಪಡೆಯುತ್ತಿದ್ದ ಎಂಜಿನಿಯರ್ ಕಲಿಕೆಗಾಗಿ ಸಂಬಳ ಬಿಟ್ಟುಕೊಡುವ ಹಂತ ತಲುಪಿದ್ದ.

ಅಪ್ರೆಂಟಿಸ್ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ಸಂಸ್ಥೆಗೆ ಅದು ಐಚ್ಛಿಕ. ಆರಂಭದ ದಿನಗಳ ಬಹುತೇಕ ಸ್ಟಾರ್ಟಪ್‌ಗಳು ಈ ಎರಡನೇ ಸಾಲಿನಲ್ಲೇ ಇವೆ.