ಸೊಲ್ಲಾಪುರದ ಪಾಲಿ ಉಮ್ರಿಗರ್: ನಾಯಕನು ವ್ಯವಸ್ಥಾಪಕನಾದ ಬಗೆ

ಸೊಲ್ಲಾಪುರವೆಂದೊಡನೆ ನಮಗೆ ನೆನಪಾಗುವುದು ಸಿದ್ಧರಾಮೇಶ್ವರರ ಕೆರೆ, ಗಿರಣಿಗಳು, ಚಾದರಗಳು. ಭಾರತದ ಕ್ರಿಕೆಟ್ಟಿನ ಹಿರಿಯನೊಬ್ಬನು ಇಲ್ಲಿ ಜನಿಸಿದನೆಂಬುದನ್ನು ಈ ನಗರದಲ್ಲಿಯೂ ನೆರೆಯ ಅಕ್ಕಲಕೋಟೆಯಲ್ಲಿಯೂ ಇರುವ ಕನ್ನಡಿಗರಾದ ನಾವು ನೆನೆಯುವುದು ವಿರಳ. ಪಾಲಿ ಎಂದೇ ಪ್ರಸಿದ್ಧರಾದ ಪಹಲನ್ ರತನ್‌ಜೀ ಉಮ್ರಿಗರರು 1926ರ ಮಾರ್ಚ್ 28ರಂದು ಸೊಲ್ಲಾಪುರದ ಪಾರ್ಸಿ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮುಂಬಯಿಗೆ ತೆರಳಿದರು.

ಅವರು 59 ಟೆಸ್ಟ್ ಪಂದ್ಯಗಳಲ್ಲಿ 3631 ಓಟಗಳನ್ನೂ 12 ಶತಕಗಳನ್ನೂ ಗಳಿಸಿದರು. 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡಿನ ಎದುರು ಅವರು ಗಳಿಸಿದ 223 ಓಟಗಳು ಟೆಸ್ಟ್ ಆಟದಲ್ಲಿ ಭಾರತೀಯನ ಪ್ರಥಮ ದ್ವಿಶತಕ. ಈ ಅಂಕಿಗಳು ಬಹುಜನವಿದಿತ. ನಾವು ಇಲ್ಲಿ ವಿಚಾರಿಸಬಯಸುವುದು ಅವರ ಉತ್ತರ ಜೀವನವನ್ನು.

ಅದಕ್ಕೆ ಪೀಠಿಕೆಯಾಗಿ 1959ರ ಜನವರಿಯ ಮದರಾಸು ಪಂದ್ಯವನ್ನು ನೆನೆಯಬೇಕು. ವೆಸ್ಟ್ ಇಂಡೀಸಿನ ಎದುರು ಅವರೇ ನಾಯಕರು. ತಂಡದ ಒಂದು ಸ್ಥಾನಕ್ಕೆ ಅವರು ದಾಂಡಿಗ ಮನೋಹರ ಹರ್ಡಿಕರರನ್ನು ಬಯಸಿದರು. ಕ್ರಿಕೆಟ್ ಮಂಡಲಿಯ ಅಧ್ಯಕ್ಷರು ಬೌಲರ್ ಜಸು ಪಟೇಲರೇ ಆಗಬೇಕೆಂದರು. ಉಮ್ರಿಗರರು ನಾಯಕತ್ವವನ್ನೇ ತ್ಯಜಿಸಿದರು. ಮುಂದೆಂದೂ ಟೆಸ್ಟ್ ತಂಡದ ನಾಯಕರಾಗಲಿಲ್ಲ.

ಇಂಥವರು 1976ರಲ್ಲಿ ನ್ಯೂಜಿಲೆಂಡ್ ಮತ್ತು ವೆಸ್ಟ್ ಇಂಡೀಸ್ ಪ್ರವಾಸಗಳಿಗೆ ವ್ಯವಸ್ಥಾಪಕರಾಗಿ ಹೊರಟರು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಯಾರು ಆಡಬೇಕು, ಯಾರು ಹೊರಗುಳಿಯಬೇಕು ಎಂಬುದನ್ನು ವ್ಯವಸ್ಥಾಪಕನೇ ನಿರ್ಣಯಿಸುತ್ತಾನೆ. ಕ್ರಿಕೆಟ್ಟಿನಲ್ಲಿ ಹಾಗಲ್ಲ, ಮೈದಾನದ ಆಜ್ಞೆ ನಾಯಕನದು. ಆಗಿನ ನಾಯಕ ಬಿಷನ್‌ಸಿಂಗ್ ಬೇಡಿಯವರು.

ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಗೆಲುವಿಗೆ 403 ಓಟಗಳು ಬೇಕಾಗಿದ್ದವು. 1962ರಲ್ಲಿ ಉಮ್ರಿಗರರು ಅಜೇಯ 172 ಗಳಿಸಿಯೂ ಭಾರತವು ಸೋತ ಊರು ಅದು. ಈ ಬಾರಿ ಗಾವಸ್ಕರ್ 102, ನಮ್ಮ ಭದ್ರಾವತಿಯ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಅಜೇಯ 49 ಗಳಿಸಲು ಭಾರತವು 4 ವಿಕೆಟ್ಟುಗಳಿಗೆ 406 ಮಾಡಿ ಗೆದ್ದಿತು.

ಎರಡು ವಾರ ಕಳೆಯುವುದರೊಳಗೆ ಕಿಂಗ್‌ಸ್ಟನ್ನಿನಲ್ಲಿ ದೃಶ್ಯವೇ ಬದಲಾಯಿತು. ವೇಗದ ಚೆಂಡುಗಳಿಗೆ ಗಾಯಕವಾಡರ ಕಿವಿ, ಪಟೇಲರ ಬಾಯಿ, ವಿಶ್ವನಾಥರ ಬೆರಳು ಬಲಿಯಾದವು. ಬೇಡಿ, ಚಂದ್ರಶೇಖರರ ಕೈಗಳಿಗೂ ಪೆಟ್ಟಾಯಿತು. ಎರಡನೆಯ ಸರದಿಯು 97ಕ್ಕೆ ಮುಗಿಯಿತು, ಐವರು ಆಡಲಾರದಾದರು. ಗೆಲುವಿನ ಹರ್ಷವನ್ನು ಕಂಡ ವ್ಯವಸ್ಥಾಪಕರಿಗೆ ಈಗ ಗಾಯಾಳುಗಳ ತಂಡವನ್ನು ಸ್ವದೇಶಕ್ಕೆ ಮುಟ್ಟಿಸುವ ಹೊಣೆ.

1977-78ರಲ್ಲಿ ಅವರು ಆಸ್ಟ್ರೇಲಿಯಾಕ್ಕೂ ವ್ಯವಸ್ಥಾಪಕರಾಗಿ ಹೋದರು. ಮೆಲ್ಬರ್ನಿನಲ್ಲಿ ಚಂದ್ರಶೇಖರರು 12 ವಿಕೆಟ್ಟು ಪಡೆದರು. ಆ ನೆಲದಲ್ಲಿ ಭಾರತಕ್ಕೆ ಅದೇ ಮೊದಲ ಟೆಸ್ಟ್ ಜಯ. ಆದರೂ ಸರಣಿಯು 3-2ರಿಂದ ಕೈತಪ್ಪಿತು. ಅನಂತರ 1978ರಿಂದ 1982ರವರೆಗೆ ಅವರು ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದರು. ಯಾವ ಆಯ್ಕೆಯ ಪ್ರಶ್ನೆಯಿಂದ ನಾಯಕತ್ವವನ್ನು ಬಿಟ್ಟಿದ್ದರೋ ಆ ಪ್ರಶ್ನೆಗೆ ಉತ್ತರ ಹೇಳುವ ಪೀಠದಲ್ಲಿಯೇ ಅವರು ಕುಳಿತರು.

2006ರ ನವೆಂಬರ್ 7ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ವ್ಯವಸ್ಥಾಪಕನ ಹೆಸರು ಅಂಕಪಟ್ಟಿಯಲ್ಲಿ ಬರುವುದಿಲ್ಲ. ಆದುದರಿಂದ ಅವರ 12 ಶತಕಗಳನ್ನು ಎಣಿಸುವವರು ಈ ಸೇವೆಯನ್ನು ಮರೆಯುವುದು ಸಹಜ. ಅಧಿಕಾರವನ್ನು ಬಿಡಬಲ್ಲವನೇ ಅಧಿಕಾರವಿಲ್ಲದ ಹೊಣೆಯನ್ನೂ ಹೊರಬಲ್ಲನೆಂದು ನಾವು ಈ ಚರಿತ್ರೆಯಿಂದ ತಿಳಿಯುತ್ತೇವೆ. ಹುಟ್ಟಿದ ಊರಿನವರಾದರೂ ಅದನ್ನು ನೆನೆಯುವುದು ಉಚಿತ.