ನ್ಯೂಯಾರ್ಕ್ ನಡೆದು ಹೋದ ಹನ್ನೆರಡು ದಿನ

1966ರ ಜನವರಿ 1, ಬೆಳಗಿನ ಜಾವ ಐದು ಗಂಟೆ. ನ್ಯೂಯಾರ್ಕ್ ನಗರದ ಸುರಂಗ ರೈಲುಗಳು ನಿಂತವು. ಬಹುಪಾಲು ಬಸ್ಸುಗಳು ಡಿಪೋದಿಂದ ಹೊರಗೆ ಬರಲಿಲ್ಲ. ಸುಮಾರು 35 ಸಾವಿರ ಸಾರಿಗೆ ನೌಕರರು ಮುಷ್ಕರ ಹೂಡಿದ್ದರು. ಹಗಲು ರಾತ್ರಿಯೆನ್ನದೆ ಓಡುವ ಈ ರೈಲುಗಳು ಅದಕ್ಕೆ ಎರಡು ತಿಂಗಳ ಹಿಂದೆ, 1965ರ ನವೆಂಬರ್ 9ರ ಸಂಜೆ ಕರೆಂಟು ಹೋದಾಗಲೂ ನಿಂತಿದ್ದವು. ಆದರೆ ಅದು ಒಂದು ರಾತ್ರಿಯ ಮಾತಾಗಿತ್ತು. ಈ ಸಲ ಚಕ್ರಗಳು ಮತ್ತೆ ಉರುಳಿದ್ದು ಜನವರಿ 13ರಂದು.

ಮೊದಲ ಎರಡು ದಿನ ಹೊಸ ವರ್ಷದ ರಜೆಯ ಗುಂಗಿನಲ್ಲಿ ಕಳೆದುಹೋದವು. ಶನಿವಾರ, ಭಾನುವಾರ ಯಾರಿಗೂ ಅಷ್ಟೇನೂ ಅವಸರವಿರಲಿಲ್ಲ. ಸೋಮವಾರ ಬೆಳಗಾದಾಗಲೇ ವಿಷಯ ಅರ್ಥವಾದದ್ದು. ನ್ಯೂಯಾರ್ಕಿನ ಕಚೇರಿಗಳು, ಬ್ಯಾಂಕುಗಳು, ಸಿದ್ಧ ಉಡುಪಿನ ಕಾರ್ಖಾನೆಗಳು, ದೊಡ್ಡ ಆಸ್ಪತ್ರೆಗಳು ಒತ್ತೊತ್ತಾಗಿರುವುದು ಮ್ಯಾನ್‌ಹಟನ್ ದ್ವೀಪದಲ್ಲಿ. ಅಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ವಾಸಿಸುವುದು ನೀರಿನ ಆಚೆಗೆ, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್ ಭಾಗಗಳಲ್ಲಿ. ಕಾರಿಲ್ಲದಿದ್ದರೆ ಬದುಕೇ ಇಲ್ಲ ಎನ್ನುವ ಅಮೆರಿಕದಲ್ಲಿ ಕಾರಿಲ್ಲದೆ ಬದುಕಬಹುದಾದ ಊರು ಎಂದರೆ ನ್ಯೂಯಾರ್ಕ್. ರೈಲು ಇರುವುದರಿಂದಲೇ ಅದು ಸಾಧ್ಯವಾಗಿತ್ತು.

ಆ ರೈಲು ಇಲ್ಲವಾದಾಗ ಜನ ಕೈಗೆ ಸಿಕ್ಕಿದ ದಾರಿ ಹಿಡಿದರು. ಜನವರಿಯ ಚಳಿಯಲ್ಲಿ ಬ್ರೂಕ್ಲಿನ್ ಸೇತುವೆಯ ಮೇಲೆ ಕಾಲ್ನಡಿಗೆಯಲ್ಲಿ ಹೊರಟರು. ಸೈಕಲ್ ಏರಿದರು. ಅಪರಿಚಿತರ ಕಾರಿಗೆ ಕೈ ತೋರಿದರು. ಕಾರುಗಳಾದರೋ ಒಂದರ ಬಾಲ ಒಂದು ಹಿಡಿದು ಗಂಟೆಗಟ್ಟಲೆ ನಿಂತಿದ್ದವು. ಕೆಲವರು ರಾತ್ರಿ ಕಚೇರಿಯಲ್ಲೇ ಮಲಗಿದರು.

ಇದರಲ್ಲಿ ಒಂದು ವಿಚಿತ್ರವೂ ಇತ್ತು. ಕನೆಕ್ಟಿಕಟ್, ಲಾಂಗ್ ಐಲೆಂಡ್ ಕಡೆಯ ದೂರದ ಉಪನಗರಗಳಿಂದ ಬರುವ ರೈಲುಗಳು ಬೇರೆ ಕಂಪನಿಗಳವು. ಅವುಗಳ ನೌಕರರು ಈ ಮುಷ್ಕರದಲ್ಲಿ ಇರಲಿಲ್ಲ. ಹೀಗಾಗಿ ಮೂವತ್ತು ನಲವತ್ತು ಮೈಲಿಯಾಚೆ ತೋಟದ ಮನೆ ಕಟ್ಟಿಕೊಂಡಿದ್ದ ಕಂಪನಿ ಅಧಿಕಾರಿ ಹೊತ್ತಿಗೆ ಸರಿಯಾಗಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣಕ್ಕೆ ಬಂದಿಳಿಯಬಹುದಿತ್ತು. ಐದಾರು ಮೈಲಿ ದೂರದ ಬ್ರೂಕ್ಲಿನ್ನಿನಲ್ಲಿದ್ದ ಹೊಲಿಗೆ ಕೆಲಸದ ಹೆಣ್ಣುಮಗಳು ಬರುವಂತಿರಲಿಲ್ಲ. ಅಧಿಕಾರಿ ಬಾರದಿದ್ದರೂ ಅವನ ಸಂಬಳಕ್ಕೆ ಮೋಸವಿಲ್ಲ. ಗಂಟೆಯ ಲೆಕ್ಕದಲ್ಲಿ, ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಬಾರದ ದಿನ ಬರಿಗೈಯ ದಿನ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ರಾತ್ರಿ ಕಚೇರಿಗಳ ಕಸ ಗುಡಿಸುವವರು, ಹಾರ್ಲೆಮ್ಮಿನ ಕರಿಯರು, ಪೋರ್ಟೊರಿಕೊದಿಂದ ಬಂದು ನೆಲೆಸಿದವರು ಹೆಚ್ಚಾಗಿ ಈ ಸಾಲಿನಲ್ಲಿದ್ದರು.

ಮುಷ್ಕರ ಶುರುವಾದ ದಿನವೇ ಅಧಿಕಾರ ವಹಿಸಿಕೊಂಡ ಮೇಯರ್ ಜಾನ್ ಲಿಂಡ್ಸೆ ಅವರಿಗೆ ಆಗ 44 ವರ್ಷ. ಎತ್ತರದ ನಿಲುವು, ಯೇಲ್ ವಿಶ್ವವಿದ್ಯಾಲಯದ ಪದವಿ, ಸಿರಿವಂತರ ಬಡಾವಣೆಯಿಂದ ಕಾಂಗ್ರೆಸ್ಸಿಗೆ ಆರಿಸಿ ಬಂದಿದ್ದ ಸುಧಾರಣಾವಾದಿ. ಅವರು ತಂಗಿದ್ದ ಹೋಟೆಲಿನಿಂದ ನಗರಸಭೆಯ ಕಚೇರಿಗೆ ಮೂರು ನಾಲ್ಕು ಮೈಲಿ ನಡೆದೇ ಹೋದರು. ಛಾಯಾಗ್ರಾಹಕರು ಹಿಂದೆ ಓಡಿದರು. ಇದು ಈಗಲೂ ಮಜಾ ಇರುವ ಊರೇ ಎಂಬ ಅರ್ಥದ ಅವರ ಮಾತೊಂದು ಪತ್ರಿಕೆಗಳಿಗೆ ಸಿಕ್ಕಿತು. ಅದರಿಂದ ಹುಟ್ಟಿದ ‘ಫನ್ ಸಿಟಿ’ ಎಂಬ ಹೆಸರು ಅವರ ಆಡಳಿತ ಮುಗಿಯುವವರೆಗೂ ಗೇಲಿಯಾಗಿ ಉಳಿಯಿತು. ತೀರ ಅಗತ್ಯದ ಕೆಲಸದವರಷ್ಟೇ ಮ್ಯಾನ್‌ಹಟನ್ನಿಗೆ ಬನ್ನಿ, ಉಳಿದವರು ಮನೆಯಲ್ಲಿರಿ ಎಂದೂ ಮೇಯರ್ ಕೇಳಿಕೊಂಡರು. ಸದುದ್ದೇಶದ ಮನವಿಯೇ. ಆದರೆ ಯಾರ ಕೆಲಸ ಅಗತ್ಯದ್ದು, ಯಾರದ್ದಲ್ಲ? ದಿನಗೂಲಿಯವನಿಗೆ ತನ್ನ ಕೆಲಸ ತನ್ನ ಮನೆಯ ಒಲೆಗಂತೂ ಅಗತ್ಯವೇ.

ಎರಡು ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಸಾವು ಎನ್ನುವ ಗಾದೆ ಇಲ್ಲಿ ನೆನಪಾಗುವುದು ಸಹಜ. ಸಾರಿಗೆ ಮುಷ್ಕರ ನಡೆದಾಗಲೆಲ್ಲ ಪ್ರಯಾಣಿಕನನ್ನು ಈ ಗಿಡಕ್ಕೆ ಹೋಲಿಸುವುದು ವಾಡಿಕೆ. ನೌಕರರು ಒಂದು ಕಡೆ, ಆಡಳಿತ ಇನ್ನೊಂದು ಕಡೆ, ನಡುವೆ ಏನೂ ಅರಿಯದ ಬಡಪಾಯಿ. ನ್ಯೂಯಾರ್ಕಿನ ಕತೆಯನ್ನು ಸ್ವಲ್ಪ ಹಿಂದಿನಿಂದ ನೋಡಿದರೆ ಈ ಚಿತ್ರ ಅಷ್ಟು ಸರಳವಲ್ಲ ಎಂದು ಕಾಣುತ್ತದೆ. ಪ್ರಯಾಣಿಕನಿಗೂ ಈ ಜಗಳಕ್ಕೂ ಒಂದು ಪುಟ್ಟ ನಾಣ್ಯದ ನಂಟು ಇತ್ತು.

ಸುರಂಗ ರೈಲು ಮೊದಲು ಓಡಿದ್ದು 1904ರ ಅಕ್ಟೋಬರ್ 27ರಂದು. ಟಿಕೆಟ್ ಐದು ಸೆಂಟು. ಎಷ್ಟು ದೂರ ಹೋದರೂ ಅಷ್ಟೇ. ರೈಲು ನಡೆಸುತ್ತಿದ್ದ ಖಾಸಗಿ ಕಂಪನಿಗಳೊಡನೆ ನಗರ ಮಾಡಿಕೊಂಡ ಕರಾರಿನಲ್ಲೇ ಈ ದರ ಬರೆದಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಬೆಲೆಗಳು ಏರತೊಡಗಿದವು. ಟಿಕೆಟ್ ಏರಲಿಲ್ಲ. ಐದು ಸೆಂಟಿನ ದರವನ್ನು ಕಾಪಾಡುತ್ತೇನೆ ಎಂದು ಸಾರಿಯೇ ಜಾನ್ ಹೈಲನ್ ಎಂಬ ಮೇಯರ್ ಚುನಾವಣೆ ಗೆದ್ದರು. ಆಮೇಲೆ ಬಂದವರಿಗೂ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಕಂಪನಿಗಳು ಸೊರಗಿ, 1940ರಲ್ಲಿ ನಗರವೇ ರೈಲುಗಳನ್ನು ಕೊಂಡುಕೊಂಡಿತು. ಐದು ಸೆಂಟು ಹಾಗೆಯೇ ಇತ್ತು. 44 ವರ್ಷಗಳಲ್ಲಿ ಅಕ್ಕಿ ಬೇಳೆಯಿಂದ ಹಿಡಿದು ಮನೆ ಬಾಡಿಗೆಯವರೆಗೆ ಜೀವನದ ವೆಚ್ಚ ಎರಡು ಪಟ್ಟಿಗೂ ಮೀರಿ ಏರಿದಾಗ ಈ ಒಂದು ಬೆಲೆ ಮಾತ್ರ ನಿಂತಲ್ಲೇ ನಿಂತಿತ್ತು.

ಅಗ್ಗದ ಟಿಕೆಟ್ಟಿನ ಕೊರತೆಯನ್ನು ಯಾರಾದರೂ ತುಂಬಲೇಬೇಕಲ್ಲ? ಒಂದಷ್ಟನ್ನು ತೆರಿಗೆ ತುಂಬಿತು, ಒಂದಷ್ಟನ್ನು ರಿಪೇರಿ ಕಾಣದ ಹಳಿ ಬೋಗಿಗಳು ತುಂಬಿದವು. ಉಳಿದದ್ದನ್ನು ನೌಕರರ ಸಂಬಳ ತುಂಬಿತು. 1920-30ರ ದಶಕದಲ್ಲಿ ನಿಲ್ದಾಣಗಳಲ್ಲಿ ದಿನಕ್ಕೆ 12 ಗಂಟೆ, ವಾರದ ಏಳೂ ದಿನ ದುಡಿಯುವವರಿದ್ದರು. ಹಾಗೆ ದುಡಿದವರಲ್ಲಿ ಒಬ್ಬ ಐರ್ಲೆಂಡಿನ ಕೆರಿ ಪ್ರಾಂತದಿಂದ 1926ರಲ್ಲಿ ಬಂದ ಮೈಕ್ ಕ್ವಿಲ್. ಹುಡುಗನಾಗಿದ್ದಾಗ ಬ್ರಿಟಿಷರ ವಿರುದ್ಧದ ಐರಿಷ್ ಬಂಡಾಯದಲ್ಲಿದ್ದವನು. 1934ರಲ್ಲಿ ಸಾರಿಗೆ ಕಾರ್ಮಿಕರ ಸಂಘ ಕಟ್ಟಿದವರಲ್ಲಿ ಅವನೂ ಒಬ್ಬ. ಮುಂದೆ ಬದುಕಿನುದ್ದಕ್ಕೂ ಅದರ ನಾಯಕ.

ಕ್ವಿಲ್ ಮೊದಲು ಕಮ್ಯುನಿಸ್ಟರ ಒಡನಾಡಿಯಾಗಿದ್ದ. ದರ ಏರಿಸಕೂಡದು ಎನ್ನುವುದು ಅವರ ನಿಲುವು, ಬಡ ಪ್ರಯಾಣಿಕರ ಪರವಾಗಿ. ಆದರೆ ದರ ಏರದೆ ಸಂಬಳ ಏರದು ಎಂದು 1948ರಲ್ಲಿ ಮೇಯರ್ ವಿಲಿಯಂ ಓಡ್ವಯರ್ ಪಟ್ಟು ಹಿಡಿದಾಗ ಕ್ವಿಲ್ ಆರಿಸಿಕೊಳ್ಳಬೇಕಾಯಿತು. ಅವನು ತನ್ನ ಕಾರ್ಮಿಕರನ್ನು ಆರಿಸಿಕೊಂಡ. ಕಮ್ಯುನಿಸ್ಟರ ನಂಟು ಹರಿದುಕೊಂಡ. ಟಿಕೆಟ್ ಹತ್ತು ಸೆಂಟಾಯಿತು. ಪ್ರಯಾಣಿಕನ ಕಿಸೆಗೂ ನೌಕರನ ಸಂಬಳಕ್ಕೂ ನೇರ ನಂಟಿದೆ ಎಂದು ಆ ವರ್ಷ ಬಹಿರಂಗವಾಗಿ ಒಪ್ಪಿದಂತಾಯಿತು. 1953ರಲ್ಲಿ ದರ 15 ಸೆಂಟಿಗೆ ಏರಿತು. ಅಷ್ಟು ಬೆಲೆಯ ಒಂಟಿ ನಾಣ್ಯ ಇಲ್ಲದ್ದರಿಂದ ಹಿತ್ತಾಳೆಯ ಟೋಕನ್ ಬಂತು. 2003ರವರೆಗೆ ಅದು ಬಳಕೆಯಲ್ಲಿತ್ತು.

ಮುಂದಿನ ವರ್ಷಗಳಲ್ಲಿ ಡಿಸೆಂಬರ್ ಕೊನೆಗೆ ಕರಾರು ಮುಗಿಯುವಾಗ ಕ್ವಿಲ್ ಗುಡುಗುವುದು, ಮೇಯರ್ ರಾಬರ್ಟ್ ವ್ಯಾಗ್ನರ್ ಕರೆದು ಮಾತಾಡುವುದು, ಕೊನೆಯ ಗಳಿಗೆಯಲ್ಲಿ ರಾಜಿಯಾಗುವುದು ಒಂದು ಬಯಲಾಟದಂತೆ ನಡೆದುಕೊಂಡು ಬಂತು. ಲಿಂಡ್ಸೆಗೆ ಈ ಆಟ ರುಚಿಸಲಿಲ್ಲ. ತೆರೆಮರೆಯ ವ್ಯವಹಾರವನ್ನು ಕೊನೆಗಾಣಿಸುತ್ತೇನೆಂದೇ ಅವರು ಗೆದ್ದು ಬಂದಿದ್ದರು. ಕ್ವಿಲ್ ಬೇಕೆಂದೇ ಅವರ ಹೆಸರನ್ನು ತಪ್ಪಾಗಿ ‘ಲಿಂಡ್ಸ್‌ಲಿ’ ಎಂದು ಕರೆಯುತ್ತಿದ್ದ. ಮುಷ್ಕರ ನಿಲ್ಲಿಸಬೇಕೆಂಬ ಕೋರ್ಟಿನ ಆಜ್ಞೆಯನ್ನು ಟೆಲಿವಿಷನ್ ಕ್ಯಾಮೆರಾಗಳ ಎದುರೇ ಹರಿದು ಹಾಕಿದ. ಜನವರಿ 4ರಂದು ಅವನನ್ನೂ ಇತರ ಎಂಟು ಮುಖಂಡರನ್ನೂ ಜೈಲಿಗೆ ಹಾಕಿದರು. ಹೃದಯರೋಗಿಯಾಗಿದ್ದ ಕ್ವಿಲ್ ಅಲ್ಲಿ ಕೆಲವೇ ಗಂಟೆಗಳಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದ. ಒಳಗಿದ್ದ ನಾಯಕರ ಬದಲಿಗೆ ಬೇರೆಯವರು ಮಾತುಕತೆ ಮುಂದುವರಿಸಿದರು.

ಒಪ್ಪಂದದಲ್ಲಿ ಗಂಟೆಗೆ 3.18 ಡಾಲರ್ ಇದ್ದ ಕೂಲಿ 4.14ಕ್ಕೆ ಏರುವುದೆಂದು ತೀರ್ಮಾನವಾಯಿತು. ಪಿಂಚಣಿಯೂ ಸುಧಾರಿಸಿತು. ಹಣದುಬ್ಬರ ತಡೆಯಲು ತಾವು ಹಾಕಿದ್ದ ಗೆರೆಯನ್ನು ಇದು ಮೀರಿತೆಂದು ಅಧ್ಯಕ್ಷ ಜಾನ್ಸನ್ ಬಹಿರಂಗವಾಗಿ ಆಕ್ಷೇಪಿಸಿದರು. ಜನವರಿ 28ರಂದು ಮೈಕ್ ಕ್ವಿಲ್ ತೀರಿಕೊಂಡ. ವಯಸ್ಸು 60. ಅದೇ ವರ್ಷ ಜುಲೈನಲ್ಲಿ ಟಿಕೆಟ್ 20 ಸೆಂಟಾಯಿತು. ಮುಷ್ಕರದ ದಿನಗಳಲ್ಲಿ ಕೂಲಿ ಕಳೆದುಕೊಂಡ ಹೊಲಿಗೆಯಾಕೆ ಇನ್ನು ಮುಂದೆ ಹೋಗಿ ಬರಲು ದಿನಕ್ಕೆ ಹತ್ತು ಸೆಂಟು ಹೆಚ್ಚು ಕೊಡಬೇಕಿತ್ತು. ಸಂಧಾನದ ಮೇಜಿನ ಸುತ್ತ ಅವಳ ಪರವಾಗಿ ಒಂದು ಕುರ್ಚಿಯೂ ಇರಲಿಲ್ಲ. ಎಲ್ಲರೂ ಮಾತಾಡಿದ್ದು ಅವಳ ಹೆಸರಿನಲ್ಲೇ.

ಕಾನೂನಿನ ಮಟ್ಟಿಗೆ ಈ ಮುಷ್ಕರ ದೊಡ್ಡ ಗುರುತು ಉಳಿಸಿತು. ಸರ್ಕಾರಿ ನೌಕರರ ಮುಷ್ಕರವನ್ನು 1947ರ ಕಾಯ್ದೆಯೇ ನಿಷೇಧಿಸಿತ್ತು. ಮುಷ್ಕರ ಹೂಡಿ ಮತ್ತೆ ಕೆಲಸಕ್ಕೆ ಬಂದವರಿಗೆ ಮೂರು ವರ್ಷ ಸಂಬಳ ಏರಿಸಕೂಡದು ಎಂದು ಅದರಲ್ಲಿತ್ತು. ಅಷ್ಟು ಬಿಗಿಯಾದ ಕಾಯ್ದೆಯನ್ನು ಜಾರಿ ಮಾಡಿದರೆ ರೈಲು ಮತ್ತೆ ನಿಲ್ಲುತ್ತದೆ. ಹಾಗಾಗಿ ಸಾರಿಗೆ ನೌಕರರಿಗೆ ವಿನಾಯಿತಿ ಕೊಡಲು ರಾಜ್ಯದ ಶಾಸನಸಭೆ ಬೇರೆ ಮಸೂದೆಯನ್ನೇ ತಂದಿತು. ಆಮೇಲೆ ಜಾರ್ಜ್ ಟೇಲರ್ ಎಂಬ ಪ್ರಾಧ್ಯಾಪಕರ ಸಮಿತಿ ಕುಳಿತು, 1967ರಲ್ಲಿ ಟೇಲರ್ ಕಾಯ್ದೆ ಬಂತು. ಸಂಘ ಕಟ್ಟಿ ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕನ್ನು ಅದು ಒಪ್ಪಿತು, ಮುಷ್ಕರದ ಹಕ್ಕನ್ನು ಒಪ್ಪಲಿಲ್ಲ. ಮುಷ್ಕರದ ಪ್ರತಿ ದಿನಕ್ಕೆ ಎರಡು ದಿನದ ಸಂಬಳ ಕಳೆಯುವ ದಂಡನೆಯೂ ಮುಂದೆ ಅದಕ್ಕೆ ಸೇರಿತು.

ಕಾಯ್ದೆ ಬಂದರೂ 1980ರ ಏಪ್ರಿಲ್ 1ರಿಂದ ರೈಲುಗಳು ಮತ್ತೆ 11 ದಿನ ನಿಂತವು. ಬೆಲೆಗಳು ಆಗ ವರ್ಷಕ್ಕೆ ಶೇಕಡಾ ಹತ್ತಕ್ಕೂ ಮೀರಿ ಏರುತ್ತಿದ್ದ ಕಾಲ. ಈ ಸಲದ ಮೇಯರ್ ಎಡ್ ಕಾಚ್ ಬ್ರೂಕ್ಲಿನ್ ಸೇತುವೆಗೇ ಹೋಗಿ ನಡೆದು ಬರುವವರನ್ನು ಹುರಿದುಂಬಿಸಿದರು. ವಸಂತದ ಹವೆಯೂ ಹದವಾಗಿತ್ತು. ನಡೆಯುವುದು ಅರ್ಧ ಸಾಹಸ, ಅರ್ಧ ಜಾತ್ರೆಯಾಯಿತು. ಕಚೇರಿಯ ಉಡುಪಿಗೆ ಓಟದ ಬೂಟು ತೊಟ್ಟು, ಹಿಮ್ಮಡಿಯ ಚಪ್ಪಲಿಗಳನ್ನು ಚೀಲದಲ್ಲಿಟ್ಟುಕೊಂಡು ಹೋಗುವ ಹೆಂಗಸರ ರೂಢಿ ಹಬ್ಬಿದ್ದು ಈ ಮುಷ್ಕರದಿಂದ ಎನ್ನುವವರಿದ್ದಾರೆ. ಆ ಬೇಸಿಗೆಯಲ್ಲಿ ಟಿಕೆಟ್ 50ರಿಂದ 60 ಸೆಂಟಿಗೆ ಏರಿದ್ದನ್ನು ಮಾತ್ರ ಯಾರೂ ಅಷ್ಟಾಗಿ ಕತೆ ಮಾಡಿ ಹೇಳುವುದಿಲ್ಲ.

ರೈಲು ಬಸ್ಸು ಹತ್ತದವರಿಗೂ ಮುಷ್ಕರದ ಬಿಸಿ ತಟ್ಟುತ್ತದೆ ಎನ್ನುವುದನ್ನು ಇತ್ತೀಚಿನ ಅರ್ಥಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಅಮೆರಿಕದ ಇನ್ನೊಂದು ತುದಿಯ ಲಾಸ್ ಏಂಜಲೀಸ್ ಕಾರುಗಳ ಊರು, ಬಸ್ಸು ರೈಲು ಹತ್ತುವವರು ಕಡಿಮೆ. ಅಲ್ಲೂ 2003ರಲ್ಲಿ 35 ದಿನದ ಸಾರಿಗೆ ಮುಷ್ಕರವಾದಾಗ ಹೆದ್ದಾರಿಗಳಲ್ಲಿ ವಾಹನಗಳ ವಿಳಂಬ ಶೇಕಡಾ 47ರಷ್ಟು ಹೆಚ್ಚಿತ್ತು. ಲಂಡನ್ನಿನ ಅನುಭವ ಬೇರೆ ಬಗೆಯದು. 2014ರ ಫೆಬ್ರುವರಿಯಲ್ಲಿ ಅಲ್ಲಿನ ಸುರಂಗ ರೈಲಿನ ಎರಡು ದಿನದ ಮುಷ್ಕರದಲ್ಲಿ ಬೇರೆ ದಾರಿ ಹುಡುಕಿಕೊಂಡವರಲ್ಲಿ ಇಪ್ಪತ್ತರಲ್ಲಿ ಒಬ್ಬರು ಮುಷ್ಕರ ಮುಗಿದ ಮೇಲೂ ಹೊಸ ದಾರಿಯಲ್ಲೇ ಉಳಿದರು. ವರ್ಷಗಟ್ಟಲೆ ತಮಗೆ ಒದಗದ ದಾರಿಯಲ್ಲೇ ಅವರು ಓಡಾಡಿಕೊಂಡಿದ್ದರು ಎಂದಾಯಿತು. ಹಾಗೆಂದು ಮುಷ್ಕರವೊಂದು ಉಪಕಾರ ಎನ್ನಲಾಗದು. ಹತ್ತಾರು ಮಾರ್ಗಗಳಿರುವ ಊರಿನಲ್ಲಷ್ಟೇ ಹೊಸ ದಾರಿ ಹುಡುಕಲು ಸಾಧ್ಯ.

ನ್ಯೂಯಾರ್ಕಿನ ಮೂರನೆಯ ಮುಷ್ಕರ 2005ರ ಡಿಸೆಂಬರ್ 20ರಂದು, ಕ್ರಿಸ್‌ಮಸ್ಸಿಗೆ ಐದೇ ದಿನ ಇರುವಾಗ ಆರಂಭವಾಯಿತು. ಆ ಹೊತ್ತಿಗೆ ಐರಿಷರ ಸಂಘ ಹೆಚ್ಚಾಗಿ ಕರಿಯರ, ಲ್ಯಾಟಿನ್ ಅಮೆರಿಕನ್ನರ ಸಂಘವಾಗಿತ್ತು. ಅಧ್ಯಕ್ಷ ರೋಜರ್ ಟೂಸಾಂಟ್ ಟ್ರಿನಿಡಾಡಿನಿಂದ ಬಂದವರು. ಜಗಳ ಇದ್ದ ನೌಕರರ ಸಂಬಳಕ್ಕಿಂತ ಇನ್ನು ಮುಂದೆ ಸೇರುವವರ ಪಿಂಚಣಿಯದು. ಬೆಳಗಿನ ಹೊತ್ತು ನಾಲ್ಕು ಜನರಿಲ್ಲದ ಕಾರುಗಳನ್ನು ಮ್ಯಾನ್‌ಹಟನ್ನಿನ 96ನೇ ಬೀದಿಯಿಂದ ದಕ್ಷಿಣಕ್ಕೆ ಬಿಡಲಿಲ್ಲ. ಒಂಟಿಯಾಗಿ ಬಂದವರು ದಾರಿಯಲ್ಲಿ ಅಪರಿಚಿತರನ್ನು ಕೂಗಿ ಹತ್ತಿಸಿಕೊಂಡರು. ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಅವರೂ ಬ್ರೂಕ್ಲಿನ್ ಸೇತುವೆಯ ಮೇಲೆ ನಡೆದರು. ಸುಮಾರು 60 ಗಂಟೆಗಳಲ್ಲಿ ಮುಷ್ಕರ ಮುಗಿಯಿತು. ಸಂಘಕ್ಕೆ 25 ಲಕ್ಷ ಡಾಲರ್ ದಂಡ ಬಿತ್ತು, ಟೂಸಾಂಟ್‌ಗೆ ಹತ್ತು ದಿನದ ಜೈಲು ಶಿಕ್ಷೆಯಾಯಿತು.

ಅಗತ್ಯದ ಕೆಲಸದವರಷ್ಟೇ ಬನ್ನಿ ಎಂಬ ಲಿಂಡ್ಸೆಯವರ ಮಾತು ಆ ನಗರದಲ್ಲಿ ಮತ್ತೆ ಕೇಳಿಬಂದದ್ದು 2020ರ ವಸಂತದಲ್ಲಿ, ಕೊರೊನಾ ಕಾಲದಲ್ಲಿ. ಆಗ ರೈಲು ನಿಂತಿರಲಿಲ್ಲ, ಹತ್ತುವವರೇ ಇರಲಿಲ್ಲ. ಪ್ರಯಾಣಿಕರ ಸಂಖ್ಯೆ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. ಉಳಿದ ಬೆರಳೆಣಿಕೆಯ ಮಂದಿ ಯಾರು? ಬ್ರಾಂಕ್ಸ್, ಬ್ರೂಕ್ಲಿನ್ನಿನಿಂದ ಹೊರಟ ಆಸ್ಪತ್ರೆಯ ಆಯಾಗಳು, ದಿನಸಿ ಅಂಗಡಿಯ ಕೆಲಸಗಾರರು, ಕಸ ಗುಡಿಸುವವರು. 1966ರಲ್ಲಿ ಮನೆಯಲ್ಲಿ ಕುಳಿತು ಕೂಲಿ ಕಳೆದುಕೊಂಡವರ ಬೀದಿಗಳಿಂದಲೇ ಬಂದವರು. ಅವರನ್ನು ಹೊತ್ತ ರೈಲು ಬಸ್ಸುಗಳ ನೌಕರರಲ್ಲಿ ನೂರಕ್ಕೂ ಹೆಚ್ಚು ಜನ ಆ ರೋಗದಿಂದ ಸತ್ತರು. ಮೇ 6ರಿಂದ ಬೋಗಿಗಳನ್ನು ತೊಳೆಯಲೆಂದು ರಾತ್ರಿ ಒಂದರಿಂದ ಐದರವರೆಗೆ ರೈಲು ನಿಲ್ಲಿಸಿದರು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವರು ಬಸ್ಸಿಗಾಗಿ ಕಾದು ನಿಲ್ಲಬೇಕಾಯಿತು. ರಾತ್ರಿಯ ರೈಲು ಮತ್ತೆ ಓಡಿದ್ದು 2021ರ ಮೇ 17ರಂದು.